ಬಿಕೆಸಿಯ ಅಂಚಿನಲ್ಲೊಂದು ಬಾಡಿಗೆ ಮನೆ

ಬಿಕೆಸಿಯಲ್ಲಿ, ಅಂದರೆ ಮುಂಬೈಯ ಆಫೀಸುಗಳ ಪ್ರದೇಶ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಕೆಲಸ ಸಿಕ್ಕಿದೆ ಅಂದಾಗ ದಾವಣಗೆರೆಯಲ್ಲಿ ಎಲ್ಲರೂ ಕೇಳಿದ್ದು ಸಂಬಳ ಎಷ್ಟು ಅಂತ. ಮುಂಬೈಯಲ್ಲಿ ಇರುವವರು ಸಂಬಳದ ಮಾತೇ ಎತ್ತಲಿಲ್ಲ. "ಇರೋದೆಲ್ಲಿ?" ಅಂದರು. ಅದನ್ನೇ ಯಾಕೆ ಕೇಳಿದರು ಅಂತ ತಿಳಿಯಲು ಒಂದು ಮಳೆಗಾಲ ಕಳೆಯಬೇಕಾಯಿತು.

ಮೊದಲು ಇದ್ದದ್ದು ಮುಂಬೈಯ ದೂರದ ಉಪನಗರ ಡೊಂಬಿವಲಿಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿಂದ ಕುರ್ಲಾಕ್ಕೆ ಲೋಕಲ್. ಲೋಕಲ್ ಹತ್ತೋದು ಬೇಗ ರೂಢಿಯಾಯಿತು. ಬಾಗಿಲ ಹತ್ತಿರ ಸರಿಯಾಗಿ ನಿಂತರೆ ಸಾಕು, ಉಳಿದದ್ದನ್ನು ಹಿಂದಿನವರು ನೋಡಿಕೊಳ್ಳುತ್ತಾರೆ. ನನ್ನನ್ನು ಹಣ್ಣು ಮಾಡಿದ್ದು ರೈಲಲ್ಲ, ಕುರ್ಲಾ ಪಶ್ಚಿಮದಲ್ಲಿ ಇಳಿದ ಮೇಲಿನ ಮೂರ್ನಾಲ್ಕು ಕಿಲೋಮೀಟರು. ಶೇರ್ ರಿಕ್ಷಾಕ್ಕೆ ಸಾಲು, ಇಲ್ಲದಿದ್ದರೆ 310 ನಂಬರಿನ ಬೆಸ್ಟ್ (ಮುಂಬೈಯ ನಗರ ಸಾರಿಗೆ) ಬಸ್ಸು. ರಿಕ್ಷಾದ ಹಿಂದಿನ ಸೀಟಿನಲ್ಲಿ ಮೂರು ಜನ, ತೊಡೆ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ಮುಂದೆ ಒಂದಕ್ಕೊಂದು ಅಂಟಿಕೊಂಡು ನಿಂತ ಗಾಡಿಗಳು. ಮಳೆ ಬಂತು ಅಂದರೆ ಸಾಲೂ ಇಲ್ಲ, ರಿಕ್ಷಾವೂ ಇಲ್ಲ, ಸುಮ್ನೆ ನಡೆಯೋದೇ. ಈಗ ಮೆಟ್ರೊ 3 ಬಂದಿದೆ. 2024ರ ಅಕ್ಟೋಬರಿನಲ್ಲಿ ಆರೆಯಿಂದ ಬಿಕೆಸಿವರೆಗೆ, ಮರುವರ್ಷದ ಅಕ್ಟೋಬರಿನಲ್ಲಿ ಕಫ್ ಪರೇಡ್‌ವರೆಗೂ ಶುರುವಾಯಿತು. ಅಂಧೇರಿ ಕಡೆಯವರಿಗೆ, ವರ್ಲಿ ಕಡೆಯವರಿಗೆ ಅದು ವರ. ಸೆಂಟ್ರಲ್ ಲೈನಿನಿಂದ ಬರುವವರು ಹೆಚ್ಚಾಗಿ ಕುರ್ಲಾದ ಸಾಲಿನಲ್ಲೇ ನಿಂತಿರುತ್ತಾರೆ.

ಕೊನೆಗೊಂದು ದಿನ ಆಫೀಸಿನ ಹತ್ತಿರವೇ ಮನೆ ಹುಡುಕೋದು ಅಂತ ತೀರ್ಮಾನ ಮಾಡಿದೆ. ಚಿಕ್ಕಪ್ಪನಿಗೆ ಇಷ್ಟವಾಗಲಿಲ್ಲ. "ನಾನು ಮೂವತ್ತು ವರ್ಷ ಇಲ್ಲಿಂದ ಫೋರ್ಟಿಗೆ ಹೋಗಿ ಬಂದಿಲ್ವೇನೋ?" ಅಂದರು. ಚಿಕ್ಕಮ್ಮ ಮಾತ್ರ ಒಳಗಿಂದಲೇ, "ಹೋಗಿ ಬಂದಿದ್ದಕ್ಕೇ ಮಂಡಿ ಹಂಗಾಗಿರೋದು" ಅಂದರು. ವಾದ ಅಲ್ಲಿಗೆ ಮುಗಿಯಿತು.

ಖೇರವಾಡಿ ಕಡೆ ಒಂದು ಉಡುಪಿ ಹೋಟೆಲಿದೆ. ಗಲ್ಲಾದಲ್ಲಿ ಕೂರುವವರು ಕುಂದಾಪುರದ ಕಡೆಯವರು. ಬಿಕೆಸಿಯಲ್ಲಿ ಮನೆ ನೋಡ್ತಿದ್ದೀನಿ ಅಂದದ್ದಕ್ಕೆ ಚಿಲ್ಲರೆ ಎಣಿಸುತ್ತಿದ್ದ ಕೈ ನಿಲ್ಲಿಸಿ ನಕ್ಕುಬಿಟ್ಟರು. "ಎಂತ ಮಾರಾಯ್ರೆ, ಬಿಕೆಸಿ ಒಳಗೆ ಮನೆ ಎಲ್ಲುಂಟು? ಅಲ್ಲಿ ಬ್ಯಾಂಕುಂಟು, ವಜ್ರದ ಬಜಾರುಂಟು, ಅಮೆರಿಕದ ವೀಸಾ ಆಫೀಸುಂಟು. ರಾತ್ರಿ ಮಲಗುವವರು ವಾಚ್‌ಮನ್‌ಗಳು ಮಾತ್ರ. ನೀವು ಸುತ್ತಲಿನ ಕಾಲೊನಿ ನೋಡಿ."

ಅವರ ಮಾತಿನಲ್ಲಿ ಸತ್ಯ ಇತ್ತು. ಒಂದೆರಡು ಐಷಾರಾಮಿ ಟವರುಗಳಿವೆ, ಬಾಡಿಗೆ ಲಕ್ಷಗಳಲ್ಲಿ. ಅವನ್ನು ಬಿಟ್ಟರೆ ಬಿಕೆಸಿ ಕಟ್ಟಿದ್ದೇ ಕೆಲಸಕ್ಕೆ. ಮೀಠೀ ನದಿ, ವಾಕೋಲಾ ನಾಲೆ, ಮಾಹಿಮ್ ಕೊಲ್ಲಿಯ ನಡುವಿನ ತಗ್ಗು ಜೌಗು ಜಾಗ ಇದು. ದಕ್ಷಿಣ ಮುಂಬೈಯ ಹಳೇ ಆಫೀಸು ಪ್ರದೇಶಗಳಾದ ಫೋರ್ಟ್, ನರಿಮನ್ ಪಾಯಿಂಟಿನ ಮೇಲಿನ ಒತ್ತಡ ಇಳಿಸಬೇಕು ಅಂತ 1977ರಲ್ಲಿ ಇದನ್ನು ಮಹಾನಗರದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎ ಕೈಗೆ ಕೊಟ್ಟರು. ಸುಮಾರು 370 ಹೆಕ್ಟೇರು. ಮಣ್ಣು ತುಂಬಿ, ರಸ್ತೆ ಹಾಕಿ, ಬ್ಲಾಕುಗಳಿಗೆ ಇಂಗ್ಲಿಷ್ ಅಕ್ಷರದ ಹೆಸರಿಟ್ಟರು. ಜಿ ಬ್ಲಾಕ್ ಅಂದರೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜು, ವಜ್ರ ವ್ಯಾಪಾರದ ಭಾರತ್ ಡೈಮಂಡ್ ಬೋರ್ಸು. ಅದೇ ಬ್ಲಾಕಿನಲ್ಲಿ ಅಹಮದಾಬಾದಿನ ಬುಲೆಟ್ ರೈಲಿಗೆ ನೆಲದಡಿಯ ಸ್ಟೇಷನ್ ತೋಡುತ್ತಿದ್ದಾರೆ.

ಜನ ಇರುವುದು ಇದರ ಸುತ್ತಲ ಅಂಚಿನಲ್ಲಿ. ಆ ಅಂಚು ಬಿಕೆಸಿಗಿಂತ ಹಳೆಯದು. ಬಾಂದ್ರಾ ಪೂರ್ವದ ಕಡೆ ಸರ್ಕಾರಿ ನೌಕರರ ಗವರ್ನಮೆಂಟ್ ಕಾಲೊನಿ, ಕಲಾವಿದರ ಕಲಾನಗರ, ಪತ್ರಕರ್ತರ ಪತ್ರಕಾರ ನಗರ, ಮರಾಠಿ ಸಾಹಿತಿಗಳ ಸಾಹಿತ್ಯ ಸಹವಾಸ. ಸಚಿನ್ ತೆಂಡೂಲ್ಕರ್ ಬೆಳೆದದ್ದು ಈ ಸಾಹಿತ್ಯ ಸಹವಾಸದಲ್ಲೇ, ಅವರ ತಂದೆ ಮರಾಠಿ ಕವಿ. ಅಲ್ಲೇ ಪಕ್ಕದಲ್ಲಿ ಮಧ್ಯಮ ವರ್ಗಕ್ಕೆಂದು ಹೌಸಿಂಗ್ ಬೋರ್ಡ್ ಕಟ್ಟಿದ ಎಂಐಜಿ ಕಾಲೊನಿ. ಮೊದಲು ಹೋಗಿದ್ದು ಆ ಕಡೆಗೇ. ನೆರಳು, ದೊಡ್ಡ ಮರಗಳು, ಬೆಂಚಿನ ಮೇಲೆ ಪೇಪರ್ ಓದುವ ಅಜ್ಜಂದಿರು. ಐದು ನಿಮಿಷದ ದಾರಿಯಲ್ಲಿ ಕಲಾನಗರದ ಸಿಗ್ನಲ್ ಹಾರ್ನಿನಲ್ಲಿ ಮುಳುಗಿರುತ್ತದೆ ಅಂದರೆ ನಂಬೋಕಾಗಲ್ಲ. ಆದರೆ ಎಂಐಜಿಯಲ್ಲಿ ಹಳೇ ಕಟ್ಟಡ ಕೆಡವಿ ಟವರ್ ಎಬ್ಬಿಸಿದ್ದಾರೆ. ಒಂದು ಬೆಡ್‌ರೂಮಿನ ಬಾಡಿಗೆ ಕೇಳಿ ನಾನು ಬ್ರೋಕರ್ ಮುಖ ನೋಡಿದೆ, ಅವನು ನನ್ನ ಚಪ್ಪಲಿ ನೋಡಿದ. ಇಬ್ಬರಿಗೂ ಅರ್ಥವಾಯಿತು.

ಹೀಗೆ ಉತ್ತರದ ಅಂಚಿಗೆ, ಕಲೀನಾಕ್ಕೆ ಬಂದೆ. ಮುಂಬೈ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಇರೋದು ಇಲ್ಲೇ. ಕನ್ನಡ ವಿಭಾಗವೂ ಅದರೊಳಗಿದೆ. ಆಚೆ ವಿಮಾನ ನಿಲ್ದಾಣ, ಹಾಗಾಗಿ ಕಟ್ಟಡಗಳ ಎತ್ತರಕ್ಕೆ ಮಿತಿ. ನಡುವೆ ಈಸ್ಟ್ ಇಂಡಿಯನ್ ಅಂತ ಕರೆಸಿಕೊಳ್ಳುವ, ಮುಂಬೈಯ ಮೂಲನಿವಾಸಿ ಕ್ರಿಶ್ಚಿಯನ್ನರ ಹಳೇ ಊರು. ಹೆಂಚಿನ ಮನೆ, ಮರದ ಮೆಟ್ಟಿಲು, ತಿರುವಿನಲ್ಲಿ ಹೂ ಹಾಕಿದ ಶಿಲುಬೆ. ಓಣಿ ಎಷ್ಟು ಸಣ್ಣದು ಅಂದರೆ ಎದುರಿಗೆ ಸ್ಕೂಟರ್ ಬಂದರೆ ಯಾರದ್ದಾದರೂ ಜಗಲಿ ಹತ್ತಬೇಕು. ಈ ಓಣಿಯಿಂದ ಗಾಜಿನ ಕಟ್ಟಡಗಳಿಗೆ ಅರ್ಧ ಗಂಟೆಯ ನಡಿಗೆ.

ಮನೆ ಸಿಕ್ಕಿದ್ದು ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ನಾಲ್ಕು ಮಹಡಿಯ ಸೊಸೈಟಿಯಲ್ಲಿ. ಒನ್ ಬಿಎಚ್‌ಕೆ. ಕಾರ್ಪೆಟ್ ಏರಿಯಾ 380 ಚದರಡಿ ಅಂದ ಬ್ರೋಕರ್. ಕಾರ್ಪೆಟ್ ಅಂದರೆ ನಿಜವಾಗಿ ಕಾಲಿಡಬಹುದಾದ ಜಾಗ, ಮುಂಬೈಯಲ್ಲಿ ಕೇಳಬೇಕಾದ ಲೆಕ್ಕ ಅದೊಂದೇ. ಬಾಡಿಗೆ 48,000, ಡಿಪಾಸಿಟ್ 2 ಲಕ್ಷ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವನಿಗೆ ಡಿಪಾಸಿಟ್ ಕಡಿಮೆ ಅನಿಸಿತು. ಬಾಡಿಗೆ ಕಡಿಮೆ ಅನಿಸಲಿಲ್ಲ. ಎರಡನೇ ಮಹಡಿ ಅನ್ನೋದು ನನ್ನ ಷರತ್ತಾಗಿತ್ತು. ನೆಲಮಹಡಿಯ ಮನೆಯೊಂದು ಐದು ಸಾವಿರ ಕಡಿಮೆಗೆ ಇತ್ತು, ಆದರೆ ಈ ಕಡೆ ನೆಲಮಹಡಿ ಯಾಕೆ ಅಗ್ಗ ಅಂತ ಎಲ್ಲರಿಗೂ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠೀ ಉಕ್ಕಿತ್ತು. ಕಲೀನಾ, ಕುರ್ಲಾ, ಬಿಕೆಸಿ ಎಲ್ಲ ನೀರಿನಲ್ಲಿ. ಮನೆಯೊಡತಿ ಆಂಟಿ ಇರೋದು ಅದೇ ಹಳೇ ಊರಿನ ಹೆಂಚಿನ ಮನೆಯಲ್ಲಿ. ಆ ರಾತ್ರಿ ಅಟ್ಟದ ಮೇಲೆ ಕೂತು ಕೆಳಗೆ ಫ್ರಿಜ್ಜು ತೇಲೋದನ್ನು ನೋಡಿದ್ದಾಗಿ ಹೇಳಿದರು. ತೋಳೆತ್ತಿ ಗೋಡೆಯ ಮೇಲೆ ನೀರಿನ ಮಟ್ಟ ತೋರಿಸಿದರು, ಸೀರೆಯ ಸೆರಗು ಗಡಿಯಾರಕ್ಕೆ ತಾಗಿತು.

ಮನೆ ಒಪ್ಪಿಗೆಯಾದರೆ ಸಾಕಲ್ವಾ? ಸಾಲದು. ಸೊಸೈಟಿ, ಅಂದರೆ ಕಟ್ಟಡದ ಮನೆ ಮಾಲೀಕರ ಸಂಘ, ಒಪ್ಪಬೇಕು. ನನ್ನ ಅನುಭವದಲ್ಲಿ ಈ ಊರಿನಲ್ಲಿ ಮನೆ ಕೊಡೋದು ಮಾಲೀಕರಲ್ಲ, ಕಮಿಟಿ. ಭಾನುವಾರ ಬೆಳಿಗ್ಗೆ ಕರೆದರು. ಮೂಲೆಯಲ್ಲಿ ಕೇರಂ ಬೋರ್ಡು, ಗೋಡೆ ಮೇಲೆ ಬಾಕಿದಾರರ ಪಟ್ಟಿ, ಮೇಜಿನ ಹಿಂದೆ ರಿಟೈರ್ ಆದ ಸೆಕ್ರೆಟರಿ. ಅವರು ಫಾರಂ ನೋಡಿ ಕೇಳಿದ್ದು ಒಂದೇ. "ಫ್ಯಾಮಿಲಿ ಅಂತ ಬರೆದಿದ್ದೀರಿ. ಫ್ಯಾಮಿಲಿ ಎಲ್ಲಿ?"

ಹೆಂಡತಿ ಇನ್ನೂ ದಾವಣಗೆರೆಯಲ್ಲಿದ್ದಳು. ಮನೆಯಾದ ಮೇಲೆ ಕರೆಸೋಣ ಅಂತ ನಾನು. ಫ್ಯಾಮಿಲಿ ಕಂಡ ಮೇಲೆ ಮನೆ ಅಂತ ಅವರು. ಅವರ ಭಯಕ್ಕೂ ಕಾರಣ ಇತ್ತು. ಬಿಕೆಸಿ ಹತ್ತಿರ ಆದ್ದರಿಂದ ಒಬ್ಬರ ಹೆಸರಲ್ಲಿ ಮನೆ ಹಿಡಿದು ಆರು ಜನ ಹುಡುಗರು ಇರೋದು ಇಲ್ಲಿ ಮಾಮೂಲಿ. ಸರಿ, ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲಿ ಅವಳು ದಾದರಿಗೆ ಬಂದಿಳಿದಳು, ಮದುವೆ ಸರ್ಟಿಫಿಕೇಟಿನ ಜತೆ ಒಂದು ಡಬ್ಬಿ ಬೆಣ್ಣೆ ಬಿಸ್ಕತ್ತು. ಮುಂದಿನ ಭಾನುವಾರ ಮತ್ತೆ ಹಾಜರಿ. ರಾತ್ರಿ ಹೊತ್ತು ಹೊರಗಿನವರು ಬಂದು ಉಳಿಯೋದಿಲ್ಲ ತಾನೆ ಅಂತ ಸೆಕ್ರೆಟರಿ ಕೇಳಿದರು. ನಾನು ಇಲ್ಲ ಇಲ್ಲ ಅನ್ನುವಷ್ಟರಲ್ಲಿ ಇವಳು ತನಗೆ ಬರುವ ಹಿಂದಿಯಲ್ಲಿ, "ನೆಂಟರು ಬರ್ತಾರೆ. ಬಂದ ಮೇಲೆ ಉಳೀತಾರೆ. ಊಟ ಮಾಡದೆ ಕಳಿಸೋದು ನಮ್ಮಲ್ಲಿಲ್ಲ" ಅಂದುಬಿಟ್ಟಳು. ಸೆಕ್ರೆಟರಿ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಸಹಿ ಬಿತ್ತು. ನಾನು ತಯಾರು ಮಾಡಿಕೊಂಡು ಹೋದ ಉತ್ತರಗಳೆಲ್ಲ ಜೇಬಿನಲ್ಲೇ ಉಳಿದವು.

ಸಹಿಯ ಜತೆ ಒಂದು ಚೀಟಿಯೂ ಬಂತು, ನಾನ್ ಆಕ್ಯುಪೆನ್ಸಿ ಚಾರ್ಜ್ ಅಂತ. ಮಾಲೀಕರು ತಾವಿರದೆ ಬೇರೆಯವರಿಗೆ ಕೊಟ್ಟಾಗ ಸೊಸೈಟಿ ಹಾಕುವ ಶುಲ್ಕ ಅದು. ಮಹಾರಾಷ್ಟ್ರದಲ್ಲಿ ಅದು ಸರ್ವಿಸ್ ಚಾರ್ಜಿನ 10%ಗಿಂತ ಹೆಚ್ಚಿರುವಂತಿಲ್ಲ. ಚೀಟಿಯಲ್ಲಿದ್ದ ಮೊತ್ತ ಅದಕ್ಕಿಂತ ಸಾಕಷ್ಟು ಜಾಸ್ತಿ ಇತ್ತು. ನಾನು ಬಾಯಿ ಬಿಡಲಿಲ್ಲ, ಬಿಡುವ ಅಗತ್ಯವೂ ಬರಲಿಲ್ಲ. ಆಂಟಿ ಮೇಂಟೆನೆನ್ಸ್ ಬಿಲ್ಲು ಹಿಡಿದುಕೊಂಡು ಅದೇ ಸಂಜೆ ಹೋದರು, ಅರ್ಧ ಗಂಟೆಯಲ್ಲಿ ಹೊಸ ಚೀಟಿ ತಂದರು. ಒಳಗೆ ಏನಾಯಿತೋ ಹೇಳಲಿಲ್ಲ. ಓಣಿಯ ತುದಿಯವರೆಗೂ ಅವರ ದನಿ ಕೇಳಿತ್ತು ಅಂತ ವಾಚ್‌ಮನ್ ಆಮೇಲೆ ಹೇಳಿದ.

ಇನ್ನು ಕರಾರು. ಕರ್ನಾಟಕದಿಂದ ಬಂದವರಿಗೆ ಇದು ಹೊಸದು, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸ್ಟಾಂಪ್ ಪೇಪರಿನ ಮೇಲೆ ಟೈಪ್ ಮಾಡಿಸಿ ನೋಟರಿ ಸೀಲು ಹೊಡೆಸಿದರೆ ಇಲ್ಲಿ ನಡೆಯೋದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಕರಾರು ಬರಹದಲ್ಲಿರಬೇಕು, ರಿಜಿಸ್ಟರ್ ಆಗಬೇಕು, ಅದರ ಹೊಣೆ ಮಾಲೀಕರದ್ದು. ರಿಜಿಸ್ಟರ್ ಮಾಡಿಸದೆ ನಾಳೆ ತಕರಾರು ಬಂದರೆ, ಷರತ್ತುಗಳ ವಿಷಯದಲ್ಲಿ ಬಾಡಿಗೆಯವರ ಮಾತೇ ನಡೆಯುತ್ತದೆ, ಮಾಲೀಕರು ಬೇರೆ ರುಜುವಾತು ಕೊಡುವವರೆಗೆ. ಹಾಗಾಗಿ ಇಲ್ಲಿ ಮಾಲೀಕರೇ ಮುಂದೆ ನಿಂತು ಮಾಡಿಸುತ್ತಾರೆ.

ಕಾಗದದ ಹೆಸರು ಲೀವ್ ಅಂಡ್ ಲೈಸೆನ್ಸ್. ಅಂದರೆ ಮನೆಯ ಮೇಲೆ ನನಗೆ ಹಕ್ಕು ಬರೋದಿಲ್ಲ, ಇಷ್ಟು ತಿಂಗಳು ಇರಲು ಅನುಮತಿ ಅಷ್ಟೆ. ಮುಂಬೈಯ ಹಳೇ ಪಗಡಿ ಮನೆಗಳಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಬಾಡಿಗೆ ಮನೆಗಳು) ತಲೆಮಾರುಗಳಿಂದ ಪುಡಿಗಾಸಿನ ಬಾಡಿಗೆಗೆ ಇರುವವರನ್ನು ಏಳಿಸಲಾಗದೆ ಒದ್ದಾಡುವ ಮಾಲೀಕರನ್ನು ನೋಡಿದರೆ ಈ ಏರ್ಪಾಡು ಯಾಕೆ ಬಂತು ಅಂತ ತಿಳಿಯುತ್ತದೆ. ಖರ್ಚು ಅಂಥದ್ದೇನಿಲ್ಲ. ಅವಧಿಯ ಒಟ್ಟು ಬಾಡಿಗೆಯ 0.25% ಮುದ್ರಾಂಕ ಶುಲ್ಕ. ಡಿಪಾಸಿಟ್ಟಿಗೆ ವರ್ಷಕ್ಕೆ 10% ಬಡ್ಡಿ ಅಂತ ಹಿಡಿದು ಅದನ್ನೂ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕುತ್ತಾರೆ. ನಗರದಲ್ಲಿ ರಿಜಿಸ್ಟ್ರೇಷನ್ನಿಗೆ 1,000 ರೂಪಾಯಿ. ಮೇಲೆ ಏಜೆಂಟನ ಫೀಸು. ಇದನ್ನೆಲ್ಲ ಮಾಲೀಕರು, ನಾವು ಅರ್ಧರ್ಧ ಹಂಚಿಕೊಂಡೆವು.

ಕಚೇರಿಗೂ ಹೋಗಬೇಕಿಲ್ಲ, ಏಜೆಂಟ್ ಮನೆಗೇ ಬರುತ್ತಾನೆ. ಆಂಟಿಯ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಸಣ್ಣ ಕ್ಯಾಮೆರಾ, ಬೆಂಕಿಪೊಟ್ಟಣದಷ್ಟೇ ಇದ್ದ ಬೆರಳಚ್ಚಿನ ಯಂತ್ರ ಇಟ್ಟ. ನನ್ನದಾಯಿತು, ಸಾಕ್ಷಿಗೆ ಬಂದ ಇಬ್ಬರದ್ದಾಯಿತು. ಆಂಟಿಯ ಹೆಬ್ಬೆರಳು ಹಿಡಿಯಲಿಲ್ಲ. ಕೆಂಪು ದೀಪ, ಮತ್ತೆ ಕೆಂಪು ದೀಪ. "ನಲವತ್ತು ವರ್ಷ ಬೊಂಬಿಲ್ ಮೀನು ಕೊಯ್ದ ಕೈ ಇದು, ಗೆರೆ ಎಲ್ಲಿರುತ್ತೆ?" ಅಂತ ಆಂಟಿ ಮರಾಠಿಯಲ್ಲಿ ಗೊಣಗಿದರು. ಏಜೆಂಟನಿಗೆ ಇದೆಲ್ಲ ದಿನದ ಮಾತು. ಬೆರಳನ್ನು ಹಣೆಗೆ ಉಜ್ಜಿಕೊಳ್ಳಿ ಅಂದ, ಎಣ್ಣೆಜಿಡ್ಡು ತಾಗಿದರೆ ಅಚ್ಚು ಮೂಡುತ್ತದಂತೆ. ಆಂಟಿ ಉಜ್ಜಿದರು. ಆಗಲಿಲ್ಲ. ಒದ್ದೆ ಬಟ್ಟೆ, ಒಣ ಬಟ್ಟೆ, ಕೊನೆಗೆ ಎಡಗೈ. ಎಡಗೈಯ ತೋರುಬೆರಳಿಗೆ ಹಸಿರು ದೀಪ ಬಂದಾಗ ಸಾಕ್ಷಿಗಳೂ ಚಪ್ಪಾಳೆ ಹೊಡೆದರು. ಕರಾರಿನ ಪ್ರತಿಯಲ್ಲಿ ನಮ್ಮ ಮನೆ ಇರುವ ಹಳ್ಳಿ ಕೋಲೆ ಕಲ್ಯಾಣ್, ತಾಲೂಕು ಅಂಧೇರಿ ಅಂತಿತ್ತು. ಬಿಕೆಸಿಯ ಎಷ್ಟೋ ಪ್ಲಾಟುಗಳ ದಾಖಲೆಯಲ್ಲೂ ಇದೇ ಹಳ್ಳಿಯ ಹೆಸರಿದೆ. ಮನೆಯೂ ಆಫೀಸೂ ಒಂದೇ ಹಳ್ಳಿಯಲ್ಲಿ ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರೆ ಬಾಡಿಗೆನೂ ಹಳ್ಳಿ ರೇಟಿಂದೇ ಇರಬೇಕಲ್ಲಪ್ಪಾ" ಅಂದರು.

ಪೊಲೀಸ್ ಮಾಹಿತಿ ಆನ್‌ಲೈನ್, ಅದನ್ನು ಮಾಲೀಕರ ಕಡೆಯಿಂದ ಏಜೆಂಟೇ ತುಂಬಿದ. ಸಾಮಾನು ಸಾಗಿಸೋಕೆ ಭಾನುವಾರ ಬಿಡೋದಿಲ್ಲ ಅಂದರು, ಒಂದು ದಿನ ರಜೆ ಹಾಕಿ ಡೊಂಬಿವಲಿಯಿಂದ ಟೆಂಪೊ ತಂದೆ. ಓಣಿಯಲ್ಲಿ ಟೆಂಪೊ ಹೋಗಲಿಲ್ಲ. ಕಪಾಟು ಹೊತ್ತವರಿಗೆ ಬೇರೆ ದುಡ್ಡು. ಅಷ್ಟೆ.

ಈಗ ಇಲ್ಲಿನ ಬದುಕಿನ ಬಗ್ಗೆ. ಬೆಳಿಗ್ಗೆ ಮುನ್ಸಿಪಾಲ್ಟಿ ನೀರು ಬರುವ ಹೊತ್ತಿಗೆ ಇಡೀ ಕಟ್ಟಡ ಏಳುತ್ತದೆ. ವಿಮಾನ ತಲೆ ಮೇಲೇ ಹೋಗುತ್ತದೆ, ಫೋನಿನಲ್ಲಿ ಮಾತಾಡುವಾಗ "ತಡಿ, ವಿಮಾನ" ಅಂತ ನಿಲ್ಲಿಸೋದು ನಮಗೆ ಅಭ್ಯಾಸ, ಊರಿನವರಿಗೆ ತಮಾಷೆ. ಬೆಳಿಗ್ಗೆ ಆಫೀಸಿಗೆ ನಡೆದೇ ಹೋಗುತ್ತೇನೆ. ವಾಕೋಲಾ ನಾಲೆ ದಾಟುವಾಗ ಉಸಿರು ಬಿಗಿ ಹಿಡಿಯಬೇಕು, ದಾಟಿದ ಮೇಲೆ ಬೇರೆಯೇ ಊರು. ಅಗಲ ರಸ್ತೆ, ಕತ್ತರಿಸಿದ ಗಿಡಗಳು, ಕೊರಳಿಗೆ ಐಡಿ ಕಾರ್ಡು ಹಾಕಿದ ಜನ. 2011ರಲ್ಲಿ ಇಲ್ಲಿ ಸೈಕಲ್ ಟ್ರ್ಯಾಕ್ ಮಾಡಿದ್ದರು. ಅದರಲ್ಲಿ ಸೈಕಲ್ಲಿಗಿಂತ ನಿಲ್ಲಿಸಿದ ಕಾರುಗಳೇ ಜಾಸ್ತಿ ಕಂಡವು. ಸುಸ್ತಾದವನು ಪುಕ್ಕಟೆ ಕೂರೋಕೆ ಒಂದು ಕಟ್ಟೆ ಇಲ್ಲ ಅನ್ನೋದು ನನ್ನ ದೊಡ್ಡ ದೂರು. ಗಿಡದ ಕಟ್ಟೆಯ ಮೇಲೆ ಕೂತರೆ ಸೆಕ್ಯುರಿಟಿಯವರು ಬಂದು ಏಳಿಸುತ್ತಾರೆ.

ಸಂಜೆ ಏಳರ ಹೊತ್ತಿಗೆ ಇಡೀ ಬಿಕೆಸಿ ಒಮ್ಮೆಲೇ ಮನೆಗೆ ಹೊರಡುತ್ತದೆ. ಆಗ ರಿಕ್ಷಾದವರು ಹತ್ತಿರದ ಸವಾರಿ ಒಪ್ಪೋದಿಲ್ಲ. ಕಲೀನಾ ಅಂದರೆ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ನಿಂತ ಕಾರುಗಳ ಸಾಲಿನ ಪಕ್ಕ ನಡೆದು ಹೋಗುವಾಗ ಒಳಗೊಳಗೇ ಸ್ವಲ್ಪ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಎಂಎಂಆರ್‌ಡಿಎ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ ಇದ್ದ ದಿನ ಮಾತ್ರ ನಡೆಯುವವನಿಗೂ ದಾರಿ ಇರೋದಿಲ್ಲ.

ಭಾನುವಾರ ಪೂರಾ ಉಲ್ಟಾ. ರಸ್ತೆ ಖಾಲಿ, ಊಟದ ಅಂಗಡಿಗಳು ಅರ್ಧ ಮುಚ್ಚಿರುತ್ತವೆ. ಮಾಲಿಗೆ ಬರುವವರು ಮಾಲಿನೊಳಗೆ. ಹಳೇ ಊರು ಮಾತ್ರ ಅವತ್ತೇ ಜೋರು. ಇಗರ್ಜಿಯ ಗಂಟೆ, ಮೀನಿನ ವಾಸನೆ, ಓಣಿಯಲ್ಲಿ ಹುಡುಗರ ಕ್ರಿಕೆಟ್. ನಾವು ಮಾಟುಂಗಾಕ್ಕೆ ಹೋಗಿ ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ತರುತ್ತೇವೆ. ಮೈಸೂರು ಅಸೋಸಿಯೇಷನ್ನಿನಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಕೂತು ಬರುತ್ತೇವೆ. ಇವಳಿಗೆ ಕ್ಯಾಂಪಸ್ಸಿನ ಕಡೆ ಒಂದಿಬ್ಬರು ಕನ್ನಡದ ಗೆಳತಿಯರೂ ಸಿಕ್ಕಿದ್ದಾರೆ.

ದುಡ್ಡಿನ ಲೆಕ್ಕ ಕೇಳಿದರೆ, ಡೊಂಬಿವಲಿಯಲ್ಲಿ ಇಷ್ಟೇ ದೊಡ್ಡ ಮನೆ ಇದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಉಳಿಯುವ ರೈಲು, ರಿಕ್ಷಾ ಖರ್ಚು ಆ ವ್ಯತ್ಯಾಸದ ಹತ್ತಿರಕ್ಕೂ ಬರೋದಿಲ್ಲ. ಕೊಂಡುಕೊಂಡದ್ದು ದಿನಕ್ಕೆ ಮೂರು ಗಂಟೆ. ವಾರಕ್ಕೆ ಐದೂ ದಿನ ಆಫೀಸಿಗೆ ಹೋಗುವವರಿಗೆ ಇದು ಒಳ್ಳೇ ವ್ಯಾಪಾರ ಅಂತಲೇ ನಾನು ಹೇಳೋದು. ಎರಡು ದಿನ ಹೋದರೆ ಸಾಕು ಅನ್ನುವವರು ಡೊಂಬಿವಲಿ ಬಿಡಬೇಡಿ.

ಹನ್ನೊಂದು ತಿಂಗಳ ಕರಾರು ಮುಗಿಯುತ್ತಾ ಬಂದಿದೆ. ಬ್ರೋಕರ್ ಆಗಲೇ ಫೋನ್ ಮಾಡಿದ, ನವೀಕರಣಕ್ಕೂ ಅರ್ಧ ತಿಂಗಳ ಬಾಡಿಗೆ ಬೇಕಂತೆ. ಆಂಟಿಗೆ ಹೇಳಿದರೆ, "ಅವನಿಗ್ಯಾಕೆ? ನೀನು ಇಲ್ಲೇ ಇದ್ದೀಯ, ನಾನೂ ಇಲ್ಲೇ ಇದ್ದೀನಿ" ಅಂದರು. ಬಾಡಿಗೆ 5% ಏರಿಸಿ ಈ ಸಲ ಎರಡು ವರ್ಷಕ್ಕೆ ಬರೆಸೋಣ ಅಂತ ಮಾತಾಗಿದೆ. ಏಜೆಂಟ್ ಶನಿವಾರ ಸಂಜೆ ಬರುತ್ತಾನೆ. ನೇರ ಎಡಗೈಯಿಂದಲೇ ಶುರು ಮಾಡು ಅಂತ ಅವನಿಗೆ ಈಗಲೇ ಮೆಸೇಜ್ ಹಾಕಿದ್ದೇನೆ.